ಎರರ್ ಇಲ್ಲ, ಬಿಲ್ ಮಾತ್ರ ತಪ್ಪು: ಷರತ್ತಿನ ಸರಪಳಿಯಲ್ಲಿ ದೋಷ ಹುಡುಕುವುದು

ಪ್ರೋಗ್ರಾಂ ನಿಂತಿಲ್ಲ. ಎಕ್ಸೆಪ್ಷನ್ ಬಂದಿಲ್ಲ. ಲಾಗ್ ತೆಗೆದು ನೋಡಿದರೆ ಎಲ್ಲ ಸರಿಯಾಗಿದೆ ಅನ್ನುವ ಹಾಗಿದೆ. ಉತ್ತರವೂ ಬಂದಿದೆ, ಆದರೆ ಅದು ಬರಬೇಕಾದ ನಿಯಮದ ಉತ್ತರವಲ್ಲ, ಪಕ್ಕದ ನಿಯಮದ್ದು. ಜಾವಾದ ಪ್ರೆಡಿಕೇಟ್ (ಹೌದು ಅಥವಾ ಇಲ್ಲ ಎನ್ನುವ ಷರತ್ತು), ಫಂಕ್ಷನ್ (ಒಂದನ್ನು ತೆಗೆದುಕೊಂಡು ಇನ್ನೊಂದನ್ನು ಕೊಡುವ ಕೆಲಸ), ಸಪ್ಲೈಯರ್ (ಕೇಳಿದಾಗ ಮೌಲ್ಯ ಕೊಡುವುದು), ಆಪ್ಷನಲ್ (ಒಳಗೆ ಮೌಲ್ಯ ಇರಬಹುದಾದ ಅಥವಾ ಖಾಲಿ ಇರಬಹುದಾದ ಡಬ್ಬಿ) ಇವುಗಳನ್ನು ಒಂದಕ್ಕೊಂದು ಪೋಣಿಸಿ ‘ಹೀಗಿದ್ದರೆ ಇದು, ಹಾಗಿದ್ದರೆ ಅದು, ಯಾವುದೂ ಅಲ್ಲದಿದ್ದರೆ ಇನ್ನೊಂದು’ ಎಂದು ಹ್ಯಾಂಡ್ಲರ್‌ಗಳ (ಒಂದೊಂದು ಸಂದರ್ಭವನ್ನು ನೋಡಿಕೊಳ್ಳುವ ಕೋಡ್ ತುಂಡುಗಳ) ಸರಪಳಿ ಕಟ್ಟಿದವರಿಗೆ ಈ ದೋಷ ಒಂದಲ್ಲ ಒಂದು ದಿನ ಎದುರಾಗುತ್ತದೆ. ಅದನ್ನು ಹಿಡಿಯುವ ದಾರಿ ಇಲ್ಲಿದೆ.

ಉದಾಹರಣೆಗೆ ಕಾಫಿ ಖರೀದಿ ಕೌಂಟರಿನ ಬಿಲ್ಲಿಂಗ್ ಪ್ರೋಗ್ರಾಂ ತೆಗೆದುಕೊಂಡಿದ್ದೇನೆ. ಗೋಣಿಕೊಪ್ಪ, ವಿರಾಜಪೇಟೆ, ಕುಶಾಲನಗರದ ಕಡೆ ನಾನು ದಿನಾ ನೋಡುವ ಕೆಲಸ ಅದೇ. ಕಾಫಿ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಹಣ್ಣನ್ನು ಇಡಿಯಾಗಿ ಕಣದಲ್ಲಿ ಒಣಗಿಸಿದರೆ ಚೆರಿ. ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಅರೇಬಿಕಾ, ರೋಬಸ್ಟಾ ಎರಡರಲ್ಲೂ ಈ ಎರಡು ಬಗೆ ಇರುವುದರಿಂದ ಕೌಂಟರಿಗೆ ಒಟ್ಟು ನಾಲ್ಕು ತರಹದ ಸರಕು ಬರುತ್ತದೆ. ಒಬ್ಬರು ಒಮ್ಮೆಗೆ ತಂದ ಸರಕು ಒಂದು ಲಾಟ್. ಚೀಲ ಎಂದರೆ 50 ಕೆಜಿ. ರೋಬಸ್ಟಾ ಚೆರಿಗೆ ಔಟ್‌ಟರ್ನ್ ಮೇಲೆ ದರ ಕಟ್ಟುವುದುಂಟು: ಒಂದು ಚೀಲ ಚೆರಿಯನ್ನು ಹೊಡೆದು ಸಿಪ್ಪೆ ಬೇರ್ಪಡಿಸಿದರೆ ಎಷ್ಟು ಕೆಜಿ ಬೀಜ ಬರುತ್ತದೋ ಅದು ಓಟಿ. ಓಟಿ ದರ 400 ರೂಪಾಯಿ, ಸ್ಯಾಂಪಲ್‌ನಲ್ಲಿ ಓಟಿ 27 ಎಂದಿಟ್ಟುಕೊಳ್ಳಿ, ಚೀಲಕ್ಕೆ 10,800 ರೂಪಾಯಿ. ಸ್ಯಾಂಪಲ್ ತೆಗೆಯದೆ ಕೊಡುವವರಿಗೆ ಚೀಲಕ್ಕೆ ಇಷ್ಟು ಎಂಬ ಸಾದಾ ದರ, ಅದು 10,000 ಇರಲಿ. ಲೆಕ್ಕ ಸುಲಭವಾಗಲಿ ಎಂದು ಹಾಕಿದ ಅಂಕಿಗಳಿವು, ಇವತ್ತಿನ ಮಾರ್ಕೆಟ್ ಅಲ್ಲ.

ಕೋಡನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಜಾವಾದ ಹೆಸರುಗಳನ್ನು ಉಚ್ಚಾರಣೆ ಹಿಡಿದು ಗುರುತಿಸಿಕೊಳ್ಳಿ.

ರೋಗಿ

ಕೌಂಟರಿನ ನಿಯಮಗಳು ಹೀಗಿವೆ. ತೇವಾಂಶ ಮಿತಿ ಮೀರಿದ್ದರೆ ಸರಕು ತಡೆಹಿಡಿ. ಓಟಿ ತೆಗೆದ ರೋಬಸ್ಟಾ ಚೆರಿ ಆಗಿದ್ದರೆ ಓಟಿ ದರ. ಬೇರೆ ಯಾವ ಚೆರಿ ಆದರೂ ಚೀಲದ ದರ. ಪಾರ್ಚ್‌ಮೆಂಟ್‌ಗೆ ಅದರದ್ದೇ ದರ. ಇವು ಯಾವುದೂ ಅಲ್ಲದಿದ್ದರೆ ಕೈಲೆಕ್ಕದ ಚೀಟಿ. ಇವನ್ನು ಹೆಣೆಯಲು ಬಹಳ ಮಂದಿ ಬರೆಯುವುದು ಹೀಗೆ:

ಫಂಕ್ಷನ್<ಲಾಟ್, ಆಪ್ಷನಲ್<ಬಿಲ್>> ನಿಯಮ(ಪ್ರೆಡಿಕೇಟ್<ಲಾಟ್> ಷರತ್ತು, ಫಂಕ್ಷನ್<ಲಾಟ್, ಬಿಲ್> ಕೆಲಸ) {
    ರಿಟರ್ನ್ ಸರಕು -> ಆಪ್ಷನಲ್.ಆಫ್(ಸರಕು).ಫಿಲ್ಟರ್(ಷರತ್ತು).ಮ್ಯಾಪ್(ಕೆಲಸ);
}

ಬಳಸುವಾಗ:

ಒದ್ದೆನಿಯಮ.ಅಪ್ಲೈ(ಸರಕು)
    .ಆರ್(() -> ಓಟಿನಿಯಮ.ಅಪ್ಲೈ(ಸರಕು))
    .ಆರ್(() -> ಚೀಲನಿಯಮ.ಅಪ್ಲೈ(ಸರಕು))
    .ಆರ್(() -> ಪಾರ್ಚ್‌ಮೆಂಟ್‌ನಿಯಮ.ಅಪ್ಲೈ(ಸರಕು))
    .ಆರ್‌ಎಲ್ಸ್‌ಗೆಟ್(() -> ಕೈಲೆಕ್ಕ(ಸರಕು));

ನೋಡಲು ಚೆಂದ. ಇಫ್, ಎಲ್ಸ್ ಒಂದೂ ಇಲ್ಲ, ಒಂದೊಂದು ಸಾಲಿಗೆ ಒಂದೊಂದು ನಿಯಮ, ಹೊಸದು ಬಂದರೆ ಇನ್ನೊಂದು ಸಾಲು. ಟೆಸ್ಟ್‌ಗಳೂ ಪಾಸಾಗುತ್ತವೆ. ಆಮೇಲೆ ಒಂದು ದಿನ ಕೌಂಟರಿನ ಹುಡುಗನ ಫೋನ್: “ಅಣ್ಣಾ, ಬಿಲ್ ಏನೋ ಬಂತು. ಆದ್ರೆ ನಲವತ್ತು ಚೀಲಕ್ಕೆ ನಾಲ್ಕು ಲಕ್ಷ ಅಂತಿದೆ. ಓಟಿ ಇಪ್ಪತ್ತೇಳು ಹಾಕಿದ್ದೇನೆ, ನಾನೇ ನೋಡಿ ಹಾಕಿದ್ದು.”

ಬರಬೇಕಾದದ್ದು 4,32,000. ಬಂದದ್ದು 4,00,000. ಬೆಳೆಗಾರರು ಎದುರಿಗೇ ಕೂತಿದ್ದಾರೆ.

ಫಿಲ್ಟರ್ ‘ಇಲ್ಲ’ ಅಂದದ್ದಾ, ಮ್ಯಾಪ್ ಕೈಕೊಟ್ಟದ್ದಾ?

ಇಂಥ ಹೊತ್ತಿನಲ್ಲಿ ಮೊದಲು ಬರುವ ಯೋಚನೆ ಷರತ್ತಿನ ಮೇಲೆಯೇ. ರೋಬಸ್ಟಾ ಎಂದು ಗುರುತಿಸಲಿಲ್ಲವೇನೋ, ಓಟಿ ಕಾಲಂ ಖಾಲಿ ಬಂತೇನೋ ಎಂದು ಪ್ರೆಡಿಕೇಟ್ ಅನ್ನು ಹತ್ತು ಸಲ ಓದುತ್ತಾ ಕೂರುತ್ತೇವೆ. ಓದಬೇಡಿ. ಸರಪಳಿಯನ್ನೇ ಕೇಳಿ. ಪ್ರತಿ ಕೊಂಡಿಗೂ ಎರಡು ಪ್ರಶ್ನೆ, ಬೇರೆಬೇರೆಯಾಗಿ: ಷರತ್ತು ಹೊಂದಿತೇ? ಕೆಲಸ ಏನು ಕೊಟ್ಟಿತು?

ಇದಕ್ಕೆ ಡಿಬಗ್ಗರ್ ಕೂಡ ಬೇಡ. ಷರತ್ತನ್ನು ಇನ್ನೊಂದು ಷರತ್ತಿನಲ್ಲಿ ಸುತ್ತಿ:

ಪ್ರೆಡಿಕೇಟ್<ಲಾಟ್> ಇಣುಕು(ಸ್ಟ್ರಿಂಗ್ ಹೆಸರು, ಪ್ರೆಡಿಕೇಟ್<ಲಾಟ್> ಷರತ್ತು) {
    ರಿಟರ್ನ್ ಸರಕು -> {
        ಬೂಲಿಯನ್ ಉತ್ತರ = ಷರತ್ತು.ಟೆಸ್ಟ್(ಸರಕು);
        ಲಾಗ್(ಸರಕು.ನಂಬರ್(), ಹೆಸರು, ಉತ್ತರ);
        ರಿಟರ್ನ್ ಉತ್ತರ;
    };
}

ಕೆಲಸದ ಫಂಕ್ಷನ್‌ಗೂ ಇಂಥದ್ದೇ ಒಂದು ಹೊದಿಕೆ ಮಾಡಿ, ಅದು ಕೊಟ್ಟ ಫಲವನ್ನು ಬರೆಯಲಿ. ಇಂಟರ್ಫೇಸ್ ಬದಲಾಗುವುದಿಲ್ಲವಾದ್ದರಿಂದ ಸರಪಳಿಯ ಉಳಿದ ಭಾಗವನ್ನು ಮುಟ್ಟುವ ಅಗತ್ಯವೇ ಇಲ್ಲ. ಫಂಕ್ಷನಲ್ ಇಂಟರ್ಫೇಸ್‌ಗಳಿಂದ ನಮಗೆ ನಿಜವಾಗಿ ಸಿಗುವ ಅನುಕೂಲ ಇದು. ಸಾಲು ಕಡಿಮೆಯಾಗುವುದನ್ನು ನಾನು ಅಷ್ಟಾಗಿ ಲೆಕ್ಕಕ್ಕಿಡುವುದಿಲ್ಲ. ಅದೇ ಲಾಟನ್ನು ಮತ್ತೆ ಓಡಿಸಿದಾಗ ಬಂದ ಲಾಗ್:

ಲಾಟ್ 214 | ಒದ್ದೆ | ಷರತ್ತು: ಇಲ್ಲ
ಲಾಟ್ 214 | ಓಟಿ | ಷರತ್ತು: ಹೌದು
ಲಾಟ್ 214 | ಓಟಿ | ಫಲ: ನಲ್
ಲಾಟ್ 214 | ಚೀಲ | ಷರತ್ತು: ಹೌದು
ಲಾಟ್ 214 | ಚೀಲ | ಫಲ: 4,00,000

ಎರಡನೇ ಸಾಲಿನಲ್ಲಿ ಹೌದು, ಮೂರನೇ ಸಾಲಿನಲ್ಲಿ ನಲ್ (ಅಂದರೆ ‘ಏನೂ ಇಲ್ಲ’), ನಾಲ್ಕನೇ ಸಾಲಿನಲ್ಲಿ ಬೇರೆ ನಿಯಮದ ಹೆಸರು. ಈ ಮೂರು ಈ ಕ್ರಮದಲ್ಲಿ ಕಂಡರೆ ಮುಂದೆ ಹುಡುಕಬೇಕಾಗಿಲ್ಲ. ಷರತ್ತು ಸರಿಯಾಗಿಯೇ ಹೊಂದಿದೆ. ಕೆಲಸ ನಲ್ ಕೊಟ್ಟಿದೆ. ಆಪ್ಷನಲ್‌ನ ಮ್ಯಾಪ್‌ಗೆ ಕೊಟ್ಟ ಫಂಕ್ಷನ್ ನಲ್ ಹಿಂತಿರುಗಿಸಿದರೆ ಮ್ಯಾಪ್ ಅದನ್ನು ದೂರುವುದಿಲ್ಲ, ಸುಮ್ಮನೆ ಖಾಲಿ ಆಪ್ಷನಲ್ ಮಾಡುತ್ತದೆ. ಫಿಲ್ಟರ್ ‘ಇಲ್ಲ’ ಅಂದಾಗ ಬರುವುದೂ ಅದೇ ಖಾಲಿ ಆಪ್ಷನಲ್. ಮುಂದೆ ನಿಂತಿರುವ ‘ಆರ್’ಗೆ ಎರಡರ ನಡುವೆ ವ್ಯತ್ಯಾಸ ಗೊತ್ತಾಗಲು ದಾರಿಯೇ ಇಲ್ಲ. ‘ನನ್ನ ಸರಕಲ್ಲ’ ಎಂಬುದೂ ‘ನನ್ನದೇ ಸರಕು, ಆದರೆ ಲೆಕ್ಕ ಆಗಲಿಲ್ಲ’ ಎಂಬುದೂ ಒಂದೇ ಬಾಗಿಲಿನಿಂದ ಹೊರಗೆ ಹೋಗುತ್ತಿವೆ. ಈ ಬಗೆಯ ಸರಪಳಿಗಳಲ್ಲಿ ನಾನು ಕಂಡ ಮೌನ ದೋಷಗಳಲ್ಲಿ ಹೆಚ್ಚಿನವುಗಳ ಬೇರು ಇಲ್ಲಿಯೇ ಇದೆ.

ನಲ್ ಯಾಕೆ ಬಂತು ಎಂಬುದು ಅದರ ಹಿಂದಿನ ಪ್ರಶ್ನೆ. ಓಟಿ ದರ ಬೆಳಿಗ್ಗೆ ಸರ್ವರ್‌ನಿಂದ ಇಳಿಯಬೇಕು. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆಯ ಜೊತೆ ನಾಲ್ಕು ಗುಡುಗು ಬಂದರೆ ಸಾಕು, ಕರೆಂಟ್ ಮತ್ತು ನೆಟ್‌ವರ್ಕ್ ಎರಡೂ ಕೈಕೊಡುತ್ತವೆ. ರೋಬಸ್ಟಾ ಚೆರಿ ಕೌಂಟರಿಗೆ ಬರುವ ಕಾಲವೂ ಅದೇ. ದರ ಇಳಿಯಲಿಲ್ಲ, ಹ್ಯಾಶ್‌ಮ್ಯಾಪ್‌ನಲ್ಲಿ ಓಟಿಯ ಕೀ ಇಲ್ಲ, ಗೆಟ್ ಕರೆದರೆ ನಲ್. ಕೆಲಸದ ಫಂಕ್ಷನ್‌ನಲ್ಲಿ ಯಾರೋ ಮುಂಜಾಗ್ರತೆಗೆಂದು ‘ದರ ಇಲ್ಲದಿದ್ದರೆ ನಲ್ ಕೊಡು’ ಎಂದು ಬರೆದಿದ್ದಾರೆ. ಚೀಲದ ದರ ಮಾತ್ರ ನಿನ್ನೆಯದು ಡಿಸ್ಕ್‌ನಲ್ಲಿ ಉಳಿದಿತ್ತು. ಹೀಗೆ ಎಲ್ಲರೂ ಅವರವರ ಮಟ್ಟಿಗೆ ಸರಿಯಾಗಿಯೇ ನಡೆದುಕೊಂಡು, ಬಿಲ್ ಮಾತ್ರ 32,000 ಕಡಿಮೆ ಬಂತು.

ಇದೇ ದೋಷ ಇನ್ನೂ ಎರಡು ವೇಷದಲ್ಲಿ ಬರುತ್ತದೆ. ಒಂದು, ಸ್ಟ್ರೀಮ್ ವೇಷ: ನಿಯಮಗಳ ಪಟ್ಟಿಯನ್ನು ಸ್ಟ್ರೀಮ್ ಮಾಡಿ, ಪ್ರತಿಯೊಂದನ್ನೂ ಮ್ಯಾಪ್‌ನಲ್ಲಿ ಓಡಿಸಿ, ನಲ್‌ಗಳನ್ನು ಫಿಲ್ಟರ್‌ನಿಂದ ತೆಗೆದು, ಫೈಂಡ್‌ಫಸ್ಟ್ ಕರೆಯುವುದು. ಆ ನಲ್ ತೆಗೆಯುವ ಫಿಲ್ಟರ್ ಯಾಕೆ ಅಲ್ಲಿದೆ ಎಂದು ಕೇಳಿ. ಫೈಂಡ್‌ಫಸ್ಟ್‌ಗೆ ಸಿಕ್ಕ ಅಂಶ ನಲ್ ಆಗಿದ್ದರೆ ಅದು ನಲ್‌ಪಾಯಿಂಟರ್ ಎಕ್ಸೆಪ್ಷನ್ ಎಸೆಯುತ್ತದೆ. ಅದರ ಬಾಯಿ ಮುಚ್ಚಿಸಲು ಹಾಕಿದ ಫಿಲ್ಟರ್ ಅದು. ಎಸೆಯಲು ಬಿಟ್ಟಿದ್ದರೆ ದೋಷ ಮೊದಲ ದಿನವೇ ಸಿಗುತ್ತಿತ್ತು.

ಇನ್ನೊಂದು, ಕ್ಯಾಚ್ ವೇಷ. ಫಂಕ್ಷನ್ ಇಂಟರ್ಫೇಸಿನ ಅಪ್ಲೈ ಚೆಕ್ಡ್ ಎಕ್ಸೆಪ್ಷನ್ (ಹಿಡಿಯಬೇಕು ಇಲ್ಲವೇ ಘೋಷಿಸಬೇಕು ಎಂದು ಕಂಪೈಲರ್ ಒತ್ತಾಯಿಸುವ ಎಕ್ಸೆಪ್ಷನ್) ಎಸೆಯಲು ಅನುಮತಿ ಕೊಡುವುದಿಲ್ಲ. ಹಾಗಾಗಿ ಫೈಲ್ ಅಥವಾ ನೆಟ್‌ವರ್ಕ್ ಮುಟ್ಟುವ ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಬರೆದ ಕೂಡಲೇ ಕಂಪೈಲರ್ ಅಡ್ಡ ನಿಲ್ಲುತ್ತದೆ. ಟ್ರೈ, ಕ್ಯಾಚ್ ಹಾಕಿ, ಕ್ಯಾಚ್ ಒಳಗೆ ಖಾಲಿ ಆಪ್ಷನಲ್ ಕೊಟ್ಟು ಕೈತೊಳೆದುಕೊಳ್ಳುವುದು ಎಲ್ಲ ಕಡೆ ಕಾಣುವ ಅಭ್ಯಾಸ. ಅಲ್ಲಿಗೆ ನೆಟ್‌ವರ್ಕ್ ಹೋದದ್ದು ‘ಷರತ್ತು ಹೊಂದಲಿಲ್ಲ’ ಎಂದಾಗಿಬಿಟ್ಟಿತು. ಐಒಎಕ್ಸೆಪ್ಷನ್ ಆದರೆ ಅದನ್ನು ಅನ್‌ಚೆಕ್ಡ್‌ಐಒಎಕ್ಸೆಪ್ಷನ್‌ನಲ್ಲಿ ಸುತ್ತಿ ಮೇಲಕ್ಕೆ ಬಿಡಿ. ಕೋಡ್‌ಬೇಸ್‌ನಲ್ಲಿ ಕ್ಯಾಚ್ ಒಳಗಿನ ಖಾಲಿ ಆಪ್ಷನಲ್‌ಗಳನ್ನು ಒಮ್ಮೆ ಹುಡುಕಿ ನೋಡಿ. ಸಿಕ್ಕಿದ್ದರಲ್ಲಿ ಅರ್ಧಕ್ಕಾದರೂ ಇದೇ ಕಥೆ ಇರುತ್ತದೆ.

ರಿಪೇರಿ ಏನು? ಆರಿಸುವುದನ್ನೂ ನಡೆಸುವುದನ್ನೂ ಬೇರೆ ಮಾಡುವುದು. ನಿಯಮ ಎಂದರೆ ಹೆಸರು, ಷರತ್ತು, ಕೆಲಸ, ಈ ಮೂರೂ ಇರುವ ಒಂದು ರೆಕಾರ್ಡ್. (ಜಾವಾ 16ರಿಂದ ರೆಕಾರ್ಡ್ ಅಧಿಕೃತ. ಅದಕ್ಕಿಂತ ಹಳೆಯದಾದರೆ ಮೂರು ಫೈನಲ್ ಫೀಲ್ಡ್ ಇರುವ ಸಾದಾ ಕ್ಲಾಸ್ ಸಾಕು.) ಆಮೇಲೆ:

ಫಾರ್ (ನಿಯಮ ನಿ : ನಿಯಮಗಳು) {
    ಇಫ್ (ನಿ.ಷರತ್ತು().ಟೆಸ್ಟ್(ಸರಕು)) {
        ಬಿಲ್ ಫಲ = ನಿ.ಕೆಲಸ().ಅಪ್ಲೈ(ಸರಕು);
        ರಿಟರ್ನ್ ಆಬ್ಜೆಕ್ಟ್ಸ್.ರಿಕ್ವೈರ್‌ನಾನ್‌ನಲ್(ಫಲ, ನಿ.ಹೆಸರು());
    }
}
ರಿಟರ್ನ್ ಕೊನೆ.ಅಪ್ಲೈ(ಸರಕು);

ಫಂಕ್ಷನಲ್ ಶೈಲಿ ಎಂದು ಹೇಳಿ ಒಳಗೆ ಫಾರ್ ಲೂಪ್ ಇಟ್ಟಿದ್ದಕ್ಕೆ ಮೂಗು ಮುರಿಯುವವರು ಇರುತ್ತಾರೆ. ಮುರಿಯಲಿ. ಹೊರಗಿನಿಂದ ಬಳಸುವವರಿಗೆ ‘ಆದರೆ’, ‘ಇಲ್ಲವೇ’, ‘ಕೊನೆಗೆ’ ಎಂಬ ಮೆಥಡ್‌ಗಳ ಸರಪಳಿಯೇ ಸಿಗುತ್ತದೆ. ಒಳಗೆ ಏನಿದೆ ಎಂಬುದು ಅವರಿಗೆ ಬೇಡ. ಈಗ ಓಟಿ ದರ ಇಲ್ಲದಿದ್ದರೆ ‘ಓಟಿ’ ಎಂಬ ಹೆಸರು ಹೊತ್ತ ಎಕ್ಸೆಪ್ಷನ್ ಬರುತ್ತದೆ, ಕೌಂಟರಿನ ಪರದೆಯ ಮೇಲೆ ‘ಓಟಿ ದರ ಸಿಕ್ಕಿಲ್ಲ’ ಎಂದು ತೋರಿಸಬಹುದು, ಹುಡುಗ ಫೋನ್ ಮಾಡಿ ದರ ಕೇಳಿ ಕೈಯಲ್ಲಿ ತುಂಬುತ್ತಾನೆ.

ಕೆಲವೊಮ್ಮೆ ನಿಯಮಕ್ಕೆ ನಿಜವಾಗಿಯೇ ‘ನೋಡಿದೆ, ನನ್ನಿಂದಾಗದು, ಮುಂದಿನವರಿಗೆ ಕೊಡು’ ಎನ್ನುವ ಹಕ್ಕು ಬೇಕಾಗುತ್ತದೆ. ಆಗ ಕೆಲಸದ ಟೈಪ್‌ನಲ್ಲೇ ಅದು ಕಾಣಲಿ: ಬಿಲ್ ಕೊಡುವ ಫಂಕ್ಷನ್ ಬದಲು ಆಪ್ಷನಲ್ ಬಿಲ್ ಕೊಡುವ ಫಂಕ್ಷನ್. ಅದಕ್ಕೆ ಬೇರೆ ಮೆಥಡ್, ಬೇರೆ ಹೆಸರು. ಹೀಗೆ ಮಾಡಿದರೆ ಬಿಟ್ಟುಕೊಡುವುದು ಬರೆದವರ ತೀರ್ಮಾನವಾಗುತ್ತದೆಯೇ ಹೊರತು ನಲ್‌ನ ಕಣ್ಣುತಪ್ಪಿಸುವಿಕೆ ಆಗುವುದಿಲ್ಲ.

ಚೀಟಿ ನಂಬರ್ ಹಾರುತ್ತಿದ್ದರೆ

ಲಕ್ಷಣ: ಬಿಲ್‌ಗಳೆಲ್ಲ ಸರಿ. ಆದರೆ ಕೈಲೆಕ್ಕದ ಚೀಟಿ ಪುಸ್ತಕದಲ್ಲಿ 31 ಆದ ಮೇಲೆ 35, ಆಮೇಲೆ 36, ಆಮೇಲೆ 41. ನಡುವಿನ ಚೀಟಿ ಎಲ್ಲಿ ಎಂದು ಅಕೌಂಟೆಂಟ್ ಕೇಳುತ್ತಾರೆ. ಹಾಗೆ ಕೇಳುವುದು ಅವರ ಧರ್ಮ.

ಸರಪಳಿಯ ಕೊನೆಯ ಸಾಲು ನೋಡಿ. ಅಲ್ಲಿ ಆರ್‌ಎಲ್ಸ್‌ಗೆಟ್ ಬದಲು ಆರ್‌ಎಲ್ಸ್ ಇರುತ್ತದೆ:

.ಆರ್‌ಎಲ್ಸ್(ಕೈಲೆಕ್ಕ(ಸರಕು))

ಆರ್‌ಎಲ್ಸ್‌ಗೆ ಬೇಕಾದದ್ದು ಸಿದ್ಧ ಮೌಲ್ಯ. ಮೆಥಡ್‌ಗೆ ಕೊಡುವ ಆರ್ಗ್ಯುಮೆಂಟನ್ನು ಜಾವಾ ಮೊದಲೇ ಲೆಕ್ಕ ಮಾಡಿಯೇ ಒಳಗೆ ಕಳಿಸುವುದು. ಹಾಗಾಗಿ ಮೇಲಿನ ನಿಯಮ ಹೊಂದಿ ಬಿಲ್ ಸಿಕ್ಕಿದ್ದರೂ ‘ಕೈಲೆಕ್ಕ’ ಒಮ್ಮೆ ಓಡುತ್ತದೆ, ಒಂದು ಚೀಟಿ ನಂಬರ್ ತಿನ್ನುತ್ತದೆ, ಅದರ ಫಲ ಕಸಕ್ಕೆ ಹೋಗುತ್ತದೆ. ಆರ್‌ಎಲ್ಸ್‌ಗೆಟ್ ಕೇಳುವುದು ಸಪ್ಲೈಯರ್. ಬೇಕಾದಾಗ ಮಾತ್ರ ಕರೆಯುತ್ತದೆ.

ಅನುಮಾನವಿದ್ದರೆ ಪರೀಕ್ಷೆ ಬಹಳ ಸುಲಭ. ಟೆಸ್ಟ್‌ನಲ್ಲಿ ಕೊನೆಯ ಹ್ಯಾಂಡ್ಲರ್ ಜಾಗಕ್ಕೆ ಎಕ್ಸೆಪ್ಷನ್ ಎಸೆಯುವ ಮೆಥಡ್ ಇಡಿ, ಖಂಡಿತ ಹೊಂದುವ ಒಂದು ಲಾಟ್ ಕಳಿಸಿ. ಎಕ್ಸೆಪ್ಷನ್ ಬಂತೆಂದರೆ ನಿಮ್ಮ ‘ಇಲ್ಲದಿದ್ದರೆ’ ಯಾವಾಗಲೂ ಓಡುತ್ತಿದೆ. ನೀವೇ ಸರಪಳಿಯ ಕ್ಲಾಸ್ ಬರೆಯುವವರಾದರೆ ‘ಕೊನೆಗೆ’ ಮೆಥಡ್ ಫಂಕ್ಷನ್ ಅಥವಾ ಸಪ್ಲೈಯರ್ ಮಾತ್ರ ಸ್ವೀಕರಿಸಲಿ, ಸಿದ್ಧ ಮೌಲ್ಯದ ಓವರ್‌ಲೋಡ್ ಕೊಡಲೇಬೇಡಿ. ಕೊಟ್ಟರೆ ಯಾರಾದರೂ ಬಳಸಿಯೇ ಬಳಸುತ್ತಾರೆ.

ಆವರಣ ಇಲ್ಲದ ಆಂಡ್, ಆರ್

ಹಳೆಯ ಇಫ್ ಕೋಡನ್ನು ಪ್ರೆಡಿಕೇಟ್‌ಗೆ ಬದಲಾಯಿಸಿದ ವಾರದಲ್ಲಿ ಬರುವ ದೋಷ ಇದು. ಹಳೆಯ ಸಾಲು ಹೀಗಿತ್ತು ಎನ್ನಿ:

ಹೊಸಬ || ಚೆರಿ && ಒದ್ದೆ

ಕೌಂಟರಿಗೆ ಹೊಸಬರಾಗಿದ್ದರೆ ಸರಕನ್ನು ಹೇಗೂ ತಡೆದು ನೋಡು; ಹಳಬರಾದರೆ ಒದ್ದೆ ಚೆರಿ ಮಾತ್ರ ತಡೆ. ಬದಲಾಯಿಸಿದವರು ಎಡದಿಂದ ಬಲಕ್ಕೆ ಹಾಗೇ ಬರೆದರು:

ಹೊಸಬ.ಆರ್(ಚೆರಿ).ಆಂಡ್(ಒದ್ದೆ)

ಆಪರೇಟರ್‌ಗಳಲ್ಲಿ && ಗೆ || ಗಿಂತ ಆದ್ಯತೆ ಹೆಚ್ಚು, ಬರೆಯದೆಯೇ ಆವರಣ ಬೀಳುತ್ತದೆ. ಮೆಥಡ್‌ಗಳಲ್ಲಿ ಆದ್ಯತೆ ಎಂಬುದೇ ಇಲ್ಲ. ಚುಕ್ಕಿಯ ಎಡಕ್ಕೆ ಇರುವುದೆಲ್ಲ ಆಗಲೇ ಒಂದು ಪ್ರೆಡಿಕೇಟ್ ಆಗಿಹೋಗಿದೆ. ಹಾಗಾಗಿ ಮೇಲಿನದು ‘ಹೊಸಬರು ಅಥವಾ ಚೆರಿ, ಅದರ ಜೊತೆ ಒದ್ದೆ ಇರಲೇಬೇಕು’ ಎಂದಾಯಿತು. ಹೊಸಬರು ತಂದ ಒಣ ಸರಕು ತಡೆಯಿಲ್ಲದೆ ಒಳಗೆ ಬಂತು. ಬೇಕಾಗಿದ್ದದ್ದು:

ಹೊಸಬ.ಆರ್(ಚೆರಿ.ಆಂಡ್(ಒದ್ದೆ))

ಮೂರು ಷರತ್ತಿಗೆ ಎಂಟು ಸಾಲಿನ ಸತ್ಯ ಕೋಷ್ಟಕ. ಎಂಟನ್ನೂ ಲೂಪ್‌ನಲ್ಲಿ ಹುಟ್ಟಿಸಿ ಹಳೆಯ ಸಾಲು, ಹೊಸ ಸಾಲು ಎರಡನ್ನೂ ಓಡಿಸಿ ಹೋಲಿಸಿ. ಇಲ್ಲಿ ವ್ಯತ್ಯಾಸ ಬರುವುದು ಎರಡೇ ಸಾಲಿನಲ್ಲಿ: ಹೊಸಬರು ಹೌದು, ಒದ್ದೆ ಅಲ್ಲ, ಚೆರಿ ಇದ್ದರೂ ಇಲ್ಲದಿದ್ದರೂ. ಎಂಟರಲ್ಲಿ ಆರು ಸರಿ ಬರುವುದರಿಂದಲೇ ಕೈಯಲ್ಲಿ ಬರೆದ ನಾಲ್ಕು ಟೆಸ್ಟ್‌ಗಳ ಕಣ್ಣಿಗೆ ಇದು ಬೀಳುವುದಿಲ್ಲ.

ನೆಗೇಟ್ ಕೂಡ ಇದೇ ಜಾತಿ. ‘ಚೆರಿ, ಆದರೆ ಒದ್ದೆಯಲ್ಲದ್ದು’ ಎಂದುಕೊಂಡು ಚೆರಿ.ಆಂಡ್(ಒದ್ದೆ).ನೆಗೇಟ್() ಎಂದು ಬರೆದರೆ ಇಡೀ ಜೋಡಿಯೇ ತಿರುಗುತ್ತದೆ. ಪಾರ್ಚ್‌ಮೆಂಟ್ ಎಲ್ಲ ಅದರೊಳಗೆ ಬಂದು ಕೂರುತ್ತದೆ. ಜಾವಾ 11ರಿಂದ ಪ್ರೆಡಿಕೇಟ್.ನಾಟ್ ಇದೆ, ಚೆರಿ.ಆಂಡ್(ನಾಟ್(ಒದ್ದೆ)) ಎಂದರೆ ಓದಲೂ ಚೆನ್ನ. ನನ್ನ ಕೇಳಿದರೆ, ಒಂದು ಸಾಲಿನಲ್ಲಿ ಆಂಡ್ ಮತ್ತು ಆರ್ ಎರಡೂ ಬಂದವೆಂದರೆ ಒಳಗಿನದಕ್ಕೆ ಒಂದು ಹೆಸರು ಕೊಟ್ಟು ಮೇಲಿನ ಸಾಲಿಗೆ ತೆಗೆಯುವುದೇ ಒಳ್ಳೆಯದು. ‘ಒದ್ದೆಚೆರಿ’ ಎಂಬ ಹೆಸರಿರುವ ಪ್ರೆಡಿಕೇಟ್ ತಪ್ಪಾಗಿ ಸೇರಿಸುವುದು ಕಷ್ಟ.

ಎಂದೂ ಓಡದ ನಿಯಮ

ಇಡೀ ಸೀಸನ್‌ನಲ್ಲಿ ಒಂದು ನಿಯಮ ಒಮ್ಮೆಯೂ ಕೆಲಸ ಮಾಡಿಲ್ಲ. ಅಂಥ ಸರಕು ಬರಲಿಲ್ಲವೋ, ಬಂದದ್ದನ್ನು ಮೇಲಿನ ನಿಯಮ ನುಂಗಿತೋ? ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಕಾಫಿ ಸಂಸ್ಕರಿಸುವ ಕಾರ್ಖಾನೆಯಲ್ಲಿ) ಬೀಜವನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವಾಗ ದೊಡ್ಡ ತೂತಿನ ಜರಡಿ ಮೇಲಿರುತ್ತದೆ; ಸಣ್ಣ ತೂತಿನದ್ದನ್ನು ಮೇಲಿಟ್ಟರೆ ದಪ್ಪ ಬೀಜವೂ ನಡು ಬೀಜವೂ ಅಲ್ಲೇ ನಿಲ್ಲುತ್ತವೆ, ಕೆಳಗಿನ ಜರಡಿಗಳು ಖಾಲಿ. ‘ಯಾವ ಚೆರಿ ಆದರೂ’ ಎಂಬ ಅಗಲದ ಷರತ್ತು ‘ಓಟಿ ತೆಗೆದ ರೋಬಸ್ಟಾ ಚೆರಿ’ಗಿಂತ ಮೇಲೆ ಹೋದರೆ ಆಗುವುದೂ ಅದೇ. ಎರಡು ಕಡೆಯಿಂದ ನಿಯಮಗಳನ್ನು ಸೇರಿಸುವ ಪ್ರೋಗ್ರಾಂಗಳಲ್ಲಿ ಇದು ಸಾಮಾನ್ಯ, ಯಾಕೆಂದರೆ ಯಾವ ಫೈಲ್ ಮೊದಲು ಓಡಿತು ಎಂಬುದರ ಮೇಲೆ ಕ್ರಮ ನಿಂತಿರುತ್ತದೆ.

ಪತ್ತೆಗೆ: ಹಳೆಯ ಲಾಟ್‌ಗಳನ್ನು ತೆಗೆದುಕೊಂಡು, ಮೊದಲ ಹೊಂದಿಕೆಗೆ ನಿಲ್ಲದೆ ಎಲ್ಲ ಷರತ್ತುಗಳನ್ನೂ ಪ್ರತಿ ಲಾಟ್ ಮೇಲೆ ಓಡಿಸಿ. ಒಂದಕ್ಕಿಂತ ಹೆಚ್ಚು ಹೊಂದಿದ ಲಾಟ್‌ಗಳ ಪಟ್ಟಿ ಮಾಡಿ. ಹೆಚ್ಚು ಹೊಂದುವುದೇ ತಪ್ಪಲ್ಲ. ನಮ್ಮ ಓಟಿ ಮತ್ತು ಚೀಲ ಬೇಕೆಂದೇ ಹಾಗಿವೆ. ಪಟ್ಟಿಯಲ್ಲಿ ನೀವು ಊಹಿಸದ ಜೋಡಿ ಕಂಡರೆ ಅಲ್ಲಿ ನಿಲ್ಲಿ. ನಿಯಮದ ರೆಕಾರ್ಡ್‌ನಲ್ಲಿ ಷರತ್ತು ಬೇರೆಯಾಗಿ ಸಿಗುವುದರಿಂದಲೇ ಈ ಪರೀಕ್ಷೆ ಸಾಧ್ಯ. ಫಿಲ್ಟರ್, ಮ್ಯಾಪ್ ಎರಡನ್ನೂ ಒಂದೇ ಲ್ಯಾಂಬ್ಡಾದಲ್ಲಿ ಅಂಟಿಸಿಬಿಟ್ಟಿದ್ದರೆ ಷರತ್ತನ್ನು ಮಾತ್ರ ಕೇಳಲು ಬರುವುದಿಲ್ಲ, ಬಿಲ್ ಹುಟ್ಟದೆ ಪರೀಕ್ಷೆಯೇ ಆಗುವುದಿಲ್ಲ.

ನಾಲ್ಕು ನೂರು ಗ್ರಾಂ

ಹ್ಯಾಂಡ್ಲರ್ ಒಳಗಿನ ಕಡಿತಗಳನ್ನು ಫಂಕ್ಷನ್‌ಗಳಾಗಿ ಜೋಡಿಸಿದಾಗ ಕ್ರಮ ತಪ್ಪುವುದುಂಟು. 20 ಚೀಲ, ಗೋಣಿ ಸಮೇತ 1,020 ಕೆಜಿ. ಗೋಣಿಗೆ ತಲಾ 1 ಕೆಜಿಯಂತೆ 20 ಕೆಜಿ ಕಳೆದು, ಉಳಿದದ್ದಕ್ಕೆ ತೇವದ ಬಾಬ್ತು 2 ಶೇಕಡಾ ಕಡಿಯಬೇಕು. 1,000 ಕೆಜಿಗೆ 2 ಶೇಕಡಾ ಹೋದರೆ 980.

ಗೋಣಿಕಳೆ.ಆಂಡ್‌ದೆನ್(ತೇವಕಡಿತ) ಎಂದರೆ ಮೊದಲು ಗೋಣಿ, ಆಮೇಲೆ ತೇವ. ಗೋಣಿಕಳೆ.ಕಂಪೋಸ್(ತೇವಕಡಿತ) ಎಂದರೆ ಮೊದಲು ಆವರಣದ ಒಳಗಿನದು, ಆಮೇಲೆ ಹೊರಗಿನದು: 1,020ಕ್ಕೆ 2 ಶೇಕಡಾ ಹೋಗಿ 999.6, ಅದರಲ್ಲಿ 20 ಹೋಗಿ 979.6. ವ್ಯತ್ಯಾಸ 400 ಗ್ರಾಂ. ಬಿಲ್ ನೋಡಿ ಇದನ್ನು ಹಿಡಿಯುವವರು ಯಾರೂ ಇಲ್ಲ. ಗೋದಾಮಿನ ಸ್ಟಾಕ್ ತಾಳೆ ನೋಡುವ ದಿನ ಹೆಚ್ಚಿಗೆ ಉಳಿದ ಕಾಫಿಯ ರೂಪದಲ್ಲಿ ಎದುರಾಗುತ್ತದೆ. ಟೆಸ್ಟ್‌ನಲ್ಲಿ ಕಡಿತ ಸೊನ್ನೆ ಇರುವ ಲಾಟ್ ಇಟ್ಟುಕೊಂಡಿದ್ದರೆ ಎರಡೂ ಕ್ರಮ ಒಂದೇ ಉತ್ತರ ಕೊಡುತ್ತವೆ. ಎರಡೂ ಕಡಿತ ಇರುವ ಲಾಟನ್ನೇ ಟೆಸ್ಟ್‌ಗೆ ಇಡಿ. ಕಂಪೋಸ್ ಅನ್ನು ಬಿಲ್ಲಿಂಗ್ ಕೋಡ್‌ನಲ್ಲಿ ಬಳಸಲೇಬಾರದು ಎಂಬುದು ನನ್ನ ಪಕ್ಷಪಾತ. ಓದುವ ದಿಕ್ಕಿಗೂ ಓಡುವ ದಿಕ್ಕಿಗೂ ತಾಳೆಯಿಲ್ಲದ ಸಾಲು ಅಲ್ಲಿ ಯಾಕೆ ಬೇಕು?

ಸಣ್ಣಪುಟ್ಟವು

127 ಚೀಲದ ತನಕ ಸರಿ, 128ರಿಂದ ತಪ್ಪು. ತೂಕದ ಚೀಟಿಯ ಚೀಲ ಸಂಖ್ಯೆಗೂ ಗೇಟ್ ಪಾಸ್‌ನ ಸಂಖ್ಯೆಗೂ ತಾಳೆ ನೋಡುವ ಪ್ರೆಡಿಕೇಟ್‌ನಲ್ಲಿ ಎರಡು ಇಂಟಿಜರ್ ಆಬ್ಜೆಕ್ಟ್‌ಗಳನ್ನು == ನಿಂದ ಹೋಲಿಸಿರುತ್ತಾರೆ. -128ರಿಂದ 127ರವರೆಗಿನ ಇಂಟಿಜರ್‌ಗಳನ್ನು ಜಾವಾ ಕ್ಯಾಶ್‌ನಿಂದ ಕೊಡುವುದರಿಂದ ಅಲ್ಲಿಯವರೆಗೆ ಎರಡೂ ಒಂದೇ ಆಬ್ಜೆಕ್ಟ್. ಈಕ್ವಲ್ಸ್ ಬಳಸಿ, ಅಥವಾ ಇಂಟ್ ಮಾಡಿ. ಸಣ್ಣ ಬೆಳೆಗಾರರ ಲಾಟ್‌ಗಳಲ್ಲಿ ವರ್ಷಗಟ್ಟಲೆ ಸಿಗದೆ, ದೊಡ್ಡ ಎಸ್ಟೇಟಿನ ಲಾರಿ ಬಂದ ದಿನವೇ ಸಿಗುವ ದೋಷ.

ಸೇರಿಸಿದ ನಿಯಮ ಸರಪಳಿಯಲ್ಲಿ ಇಲ್ಲವೇ ಇಲ್ಲ. ‘ಇಲ್ಲವೇ’ ಮೆಥಡ್ ಹೊಸ ಸರಪಳಿಯನ್ನು ಹಿಂತಿರುಗಿಸುವ ಹಾಗೆ ಬರೆದಿದ್ದರೆ, ಕರೆದು ಫಲವನ್ನು ಎಲ್ಲೂ ಇಟ್ಟುಕೊಳ್ಳದ ಸಾಲು ವ್ಯರ್ಥ. ಇಫ್ ಒಳಗೆ ‘ಸೀಸನ್ ಆದರೆ ಈ ನಿಯಮ ಸೇರಿಸು’ ಎಂದು ಬರೆದ ಕಡೆ ಮೊದಲು ನೋಡಿ.

ಆಪ್ಷನಲ್‌ನಲ್ಲಿ ‘ಆರ್’ ಸಿಗುತ್ತಿಲ್ಲ ಎಂದು ಕಂಪೈಲರ್ ಹೇಳಿದರೆ ನೀವು ಇನ್ನೂ ಜಾವಾ 8ಕ್ಕೆ ಕಂಪೈಲ್ ಮಾಡುತ್ತಿದ್ದೀರಿ ಎಂದರ್ಥ. ಆಪ್ಷನಲ್, ಪ್ರೆಡಿಕೇಟ್ ಎಲ್ಲ 2014ರಲ್ಲಿ ಜಾವಾ 8ರ ಜೊತೆ ಬಂದವು. ಆಪ್ಷನಲ್‌ನ ಆರ್ ಬಂದದ್ದು 2017ರ ಜಾವಾ 9ರಲ್ಲಿ.

ಸ್ಟ್ಯಾಕ್ ಟ್ರೇಸ್‌ನಲ್ಲಿ ಲ್ಯಾಂಬ್ಡಾ, ಡಾಲರ್ ಚಿಹ್ನೆ, ಒಂದು ಅಂಕಿ ಇಷ್ಟೇ ಕಾಣುತ್ತಿದ್ದರೆ ಯಾವ ಹ್ಯಾಂಡ್ಲರ್ ಎಂದು ಊಹಿಸುತ್ತಾ ಕೂರಬೇಡಿ. ಎರಡು ಸಾಲಿಗಿಂತ ದೊಡ್ಡ ಲ್ಯಾಂಬ್ಡಾವನ್ನು ಹೆಸರಿರುವ ಮೆಥಡ್ ಮಾಡಿ ಮೆಥಡ್ ರೆಫರೆನ್ಸ್ ಕೊಡಿ, ಟ್ರೇಸ್‌ನಲ್ಲಿ ಆ ಹೆಸರೇ ಬರುತ್ತದೆ.

ಇನ್ನು, ನಿಯಮಗಳು ನಾಲ್ಕೇ ಇದ್ದು, ಎಂದೂ ಬದಲಾಗದಿದ್ದರೆ ಸರಪಳಿ ಯಾಕೆ ಎಂದೂ ಕೇಳಿಕೊಳ್ಳಿ. ಇಫ್, ಎಲ್ಸ್ ಸಾಕು. ಜಾವಾ 21ರಲ್ಲಿ ಸ್ವಿಚ್ ಒಳಗೇ ‘ವೆನ್’ ಎಂದು ಷರತ್ತು ಬರೆಯಬಹುದು. ನಿಯಮಗಳು ಹೊರಗಿನಿಂದ ಬರುವಾಗ, ಸೀಸನ್‌ಗೆ ತಕ್ಕಂತೆ ಸೇರಿ ಬಿಡುವಾಗ, ಯಾವ ನಿಯಮ ಓಡಿತು ಎಂದು ದಾಖಲೆ ಬೇಕಾದಾಗ ಸರಪಳಿಗೆ ಹಾಕಿದ ಶ್ರಮ ಗಿಟ್ಟುತ್ತದೆ.

ರಿಪೇರಿ ಆದ ಮೇಲೆ ಹಳೆಯ ಬಿಲ್‌ಗಳು

ಕೋಡ್ ಸರಿಯಾಯಿತು, ಆದರೆ ದೋಷ ಇದ್ದ ದಿನಗಳಲ್ಲಿ ಹೋದ ಬಿಲ್‌ಗಳು ಹಾಗೇ ಇವೆ. ಆ ಅವಧಿಯ ಎಲ್ಲ ಲಾಟ್‌ಗಳನ್ನೂ ಹೊಸ ಸರಪಳಿಯಲ್ಲಿ ಮತ್ತೆ ಓಡಿಸಿ ಹಳೆಯ ಫಲದ ಜೊತೆ ಹೋಲಿಸಬೇಕು. ಇಲ್ಲಿ ಒಂದು ಬಲೆ ಇದೆ. ಷರತ್ತಿನ ಒಳಗೆ ಯಾರಾದರೂ ‘ಇವತ್ತಿನ ತಾರೀಕು’ ಎಂದು ಗಡಿಯಾರ ಕೇಳಿದ್ದರೆ, ಜನವರಿಯ ಲಾಟ್ ಮಾರ್ಚ್‌ನಲ್ಲಿ ಓಡಿ ಮಾರ್ಚ್‌ನ ನಿಯಮಕ್ಕೆ ಹೊಂದುತ್ತದೆ. ದರಪಟ್ಟಿಯೂ ಅಷ್ಟೇ. ತಾರೀಕು ಮತ್ತು ದರ ಎರಡೂ ಲಾಟ್ ಜೊತೆಗೇ ಒಳಗೆ ಬರುವ ಹಾಗೆ ಮೊದಲು ತಿದ್ದಿ, ಆಮೇಲೆ ಓಡಿಸಿ. ಆ ದಿನದ ಓಟಿ ದರ ಸಿಸ್ಟಮ್‌ನಲ್ಲಿ ಇಳಿದೇ ಇರಲಿಲ್ಲವಲ್ಲ, ಅದನ್ನು ಕೌಂಟರಿನ ದರದ ಪುಸ್ತಕದಿಂದ ತುಂಬಿಸಿಕೊಳ್ಳಬೇಕಾಗುತ್ತದೆ.

ಈ ಓಟದಲ್ಲಿ ಕೆಲಸದ ಫಂಕ್ಷನ್ ಲೆಕ್ಕ ಮಾತ್ರ ಮಾಡಬೇಕು. ಮೆಸೇಜ್ ಕಳಿಸುವುದು, ಚೀಟಿ ನಂಬರ್ ತೆಗೆಯುವುದು ಒಳಗಿದ್ದರೆ ಬೆಳೆಗಾರರಿಗೆಲ್ಲ ರಾತ್ರಿ ಹನ್ನೊಂದಕ್ಕೆ ಹೊಸ ಬಿಲ್‌ನ ಮೆಸೇಜ್ ಹೋಗುತ್ತದೆ. ಲೆಕ್ಕ ಕೊಡುವುದು ಫಂಕ್ಷನ್‌ಗೆ, ಹೊರಗೆ ಕಳಿಸುವುದು ಕನ್ಸ್ಯೂಮರ್‌ಗೆ (ಮೌಲ್ಯ ತೆಗೆದುಕೊಂಡು ಏನೂ ಹಿಂತಿರುಗಿಸದ ಇಂಟರ್ಫೇಸ್‌ಗೆ) ಎಂದು ಬೇರೆ ಮಾಡಿ, ಕನ್ಸ್ಯೂಮರ್ ಜಾಗಕ್ಕೆ ಫೈಲ್‌ಗೆ ಬರೆಯುವ ಒಂದು ಸಾಲು ಇಡಿ.

ವ್ಯತ್ಯಾಸ ಬಂದ ಲಾಟ್‌ಗಳ ಪಟ್ಟಿಯಲ್ಲಿ ನಾಲ್ಕು ಕಾಲಂ ಸಾಕು: ಲಾಟ್ ನಂಬರ್, ಆಗ ಓಡಿದ ನಿಯಮ, ಈಗ ಓಡಿದ ನಿಯಮ, ವ್ಯತ್ಯಾಸದ ಮೊತ್ತ. ನಿಯಮದ ಹೆಸರು ಬದಲಾಗದೆ ಮೊತ್ತ ಮಾತ್ರ ಬದಲಾದ ಸಾಲುಗಳನ್ನು ಬೇರೆ ಇಡಿ, ಅವು ಕಡಿತದ ಕ್ರಮದ ದೋಷ. ಹಳೆಯ ಬಿಲ್ ಅಳಿಸಬೇಡಿ, ತಿದ್ದುಪಡಿ ಬಿಲ್ ಹಾಕಿ. ಪಟ್ಟಿಯನ್ನು ಪ್ರಿಂಟ್ ತೆಗೆದು ಅಕೌಂಟೆಂಟ್ ಕೈಗೆ ಕೊಡಿ. ಲಾಟ್ 214ರ 32,000 ಯಾವ ತಾರೀಕಿನಲ್ಲಿ ಜಮಾ ಆಗಬೇಕು ಎಂಬುದನ್ನು ಅವರೇ ಹೇಳುತ್ತಾರೆ.